ಮನೆಯೊಳಗಣ ವೈಯಾವೃತ್ಯ

ಜೈನಾಚಾರ್ಯರು ತಪಸ್ಸನ್ನು ಬಾಹ್ಯ ಮತ್ತು ಆಭ್ಯಂತರ ಎಂದು ಎರಡು ಬಗೆಯಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಆರಾರು ಭೇದಗಳನ್ನು ಹೇಳಿದ್ದಾರೆ. ಉಪವಾಸ, ಊನೋದರ, ರಸಪರಿತ್ಯಾಗ ಮೊದಲಾದ ಬಾಹ್ಯ ತಪಸ್ಸುಗಳು ಲೋಕದ ಕಣ್ಣಿಗೆ ಕಾಣುತ್ತವೆ. ಪರ್ವದಿನಗಳಲ್ಲಿ ಅವುಗಳನ್ನು ಆಚರಿಸಿದವರಿಗೆ ಸಮಾಜದಲ್ಲಿ ಮನ್ನಣೆಯೂ ದೊರೆಯುತ್ತದೆ. ಆಭ್ಯಂತರ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯಕ್ಕೆ ಅಂತಹ ಮೆರವಣಿಗೆಯಿಲ್ಲ. ರೋಗದಿಂದ, ಮುಪ್ಪಿನಿಂದ, ದಣಿವಿನಿಂದ ಬಳಲಿದ ಸಾಧುಗಳ ಶುಶ್ರೂಷೆಗೆ ಆ ಹೆಸರು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿ, ಗೃಹಸ್ಥನ ಬಾಳಿಗೂ ತಂದಿದ್ದಾರೆ.

ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ಬಳಲಿದ ಜೀವ ಮುನಿಯದಾಗಿರದೆ ತಾನೇ ಹೆತ್ತ ಮಗುವಿನದಾಗಿದ್ದರೆ, ಆ ಮಗುವಿಗೆ ಹಗಲಿರುಳು ಮಾಡುವ ಆರೈಕೆ ವೈಯಾವೃತ್ಯವೆನಿಸೀತೆ? ಮುನಿಗಳ ಸೇವೆಯಲ್ಲಿ ಸ್ವಾರ್ಥದ ಸೋಂಕಿಲ್ಲ. ತನ್ನ ಮರಿಯನ್ನು ನೆಕ್ಕಿ ಸಲಹುವುದನ್ನಾದರೋ ಪಶುಗಳೂ ಬಲ್ಲವು. ಅದು ಮೋಹನೀಯ ಕರ್ಮದ ಉದಯವೇ ಹೊರತು ತಪಸ್ಸಲ್ಲ ಎಂದು ವಾದಿಸುವವರಿದ್ದಾರೆ. ಈ ವಾದ ಪಂಡಿತರ ಸಭೆಯಲ್ಲಿ ನಡೆದರೆ ತತ್ತ್ವಚರ್ಚೆ. ಹೃದಯದೋಷವಿರುವ ಮಗು ಹುಟ್ಟಿದ ಮನೆಗಳಲ್ಲಿ ಅದು ದಿನನಿತ್ಯದ ಅಳಲು.

ಅಂತಹ ಮನೆಗಳು ವಿರಳವಲ್ಲ. ಜೀವಂತವಾಗಿ ಜನಿಸುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ಎಂಟರಿಂದ ಒಂಬತ್ತು ಶಿಶುಗಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದೂ, ಅವರಲ್ಲಿ ಐವರಿಗೊಬ್ಬರಂತೆ ಮೊದಲ ವರ್ಷದಲ್ಲಿಯೇ ಚಿಕಿತ್ಸೆ ಬೇಕಾಗುವಷ್ಟು ಕಠಿಣ ಸ್ಥಿತಿಯಲ್ಲಿರುತ್ತಾರೆಂದೂ ಅಂದಾಜಿದೆ. ಕೆಲವು ಮಕ್ಕಳಲ್ಲಿ ಹೃದಯದ ಗೋಡೆಯಲ್ಲಿ ರಂಧ್ರವಿರುತ್ತದೆ; ಕೆಲವರಲ್ಲಿ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದಾರಿ ಇಕ್ಕಟ್ಟಾಗಿರುತ್ತದೆ; ಕೆಲವರಲ್ಲಿ ಮಹಾನಾಳಗಳು ಅದಲುಬದಲಾಗಿರುತ್ತವೆ; ಮತ್ತೆ ಕೆಲವರಲ್ಲಿ ಎರಡು ಹೃತ್ಕುಕ್ಷಿಗಳಿರಬೇಕಾದಲ್ಲಿ ಒಂದೇ ಕೆಲಸ ಮಾಡುತ್ತಿರುತ್ತದೆ. ಗರ್ಭದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ, ಎಷ್ಟೋ ವೇಳೆ ತಾನು ಗರ್ಭಿಣಿಯೆಂಬುದು ತಾಯಿಗೆ ಖಚಿತವಾಗುವ ಮೊದಲೇ, ಶಿಶುವಿನ ಹೃದಯ ರೂಪುಗೊಂಡಿರುತ್ತದೆ. ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣವೆಂದು ಒಂದನ್ನು ಬೆರಳಿಟ್ಟು ತೋರಿಸಲು ವೈದ್ಯರಿಗೂ ಸಾಧ್ಯವಾಗುವುದಿಲ್ಲ.

ತುಮಕೂರು ಜಿಲ್ಲೆಯ ಒಂದು ಶ್ರಾವಕ ಕುಟುಂಬದಲ್ಲಿ 1998ರಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ನಾಲ್ಕು ತಿಂಗಳಾಗುವಷ್ಟರಲ್ಲಿ ಅತ್ತಾಗ ತುಟಿ, ಉಗುರುಗಳು ನೇರಳೆ ಬಣ್ಣಕ್ಕೆ ತಿರುಗತೊಡಗಿದವು. ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತದ್ದಾಯಿತು, ಬಸದಿಯ ಗಂಧೋದಕವನ್ನು ನೆತ್ತಿಗೆ ಹಚ್ಚಿದ್ದಾಯಿತು. ಬೆಂಗಳೂರಿನಲ್ಲಿ ಪರೀಕ್ಷಿಸಿದ ವೈದ್ಯರು ರೋಗಕ್ಕೆ ಫ್ಯಾಲೊ ಚತುಷ್ಟಯ ಎಂಬ ಹೆಸರನ್ನು ಹೇಳಿದರು. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರ, ಶ್ವಾಸಕೋಶದ ದಾರಿಯಲ್ಲಿ ಇಕ್ಕಟ್ಟು, ಆ ಇಕ್ಕಟ್ಟಿನಿಂದ ದಪ್ಪಗಾದ ಬಲಗೋಡೆ, ರಂಧ್ರದ ಮೇಲೆ ಕುಳಿತಂತಿರುವ ಮಹಾಪಧಮನಿ ಎಂಬ ನಾಲ್ಕು ದೋಷಗಳು ಒಟ್ಟಿಗೆ ಸೇರಿದ ರೋಗವದು. ಮಗು ಸ್ವಲ್ಪ ಬೆಳೆದ ಮೇಲೆ ಶಸ್ತ್ರಚಿಕಿತ್ಸೆ ಮಾಡೋಣವೆಂದೂ, ಅಲ್ಲಿಯವರೆಗೆ ಜೋಪಾನವಾಗಿ ನೋಡಿಕೊಳ್ಳಬೇಕೆಂದೂ ವೈದ್ಯರು ತಿಳಿಸಿದರು.

ಜೋಪಾನವೆಂಬ ಆ ಒಂದು ಮಾತಿನೊಳಗೆ ಮೂರು ವರ್ಷಗಳ ಬಾಳು ಅಡಗಿತ್ತು. ಮಗು ಬಿಕ್ಕಿ ಬಿಕ್ಕಿ ಅತ್ತರೆ ಶ್ವಾಸಕೋಶದ ದಾರಿ ಮತ್ತಷ್ಟು ಬಿಗಿದು, ಮೈಯೆಲ್ಲ ನೀಲಿಗಟ್ಟಿ, ಕೊರಳು ಸೋಲುತ್ತಿತ್ತು. ಅಂತಹ ಹೊತ್ತಿನಲ್ಲಿ ಮೊಣಕಾಲುಗಳನ್ನು ಎದೆಗೆ ಮಡಿಚಿ ಹಿಡಿಯಬೇಕೆಂದು ದಾದಿಯರು ತಾಯಿಗೆ ಕಲಿಸಿಕೊಟ್ಟಿದ್ದರು. ಆಕೆ ಅದನ್ನು ಅತ್ತೆಗೆ ಕಲಿಸಿದಳು. ಅತ್ತೆ ಆರು ವರ್ಷದ ಮೊಮ್ಮಗನಿಗೂ ಕಲಿಸಿದರು. ಮಗು ಅಳದಂತೆ ನೋಡಿಕೊಳ್ಳುವುದು ಮನೆಯ ನಿಯಮವಾಯಿತು. ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು, ನೆಗಡಿಯಾದವರನ್ನು ಜಗುಲಿಯಲ್ಲಿಯೇ ಕೂರಿಸಿ ಮಾತನಾಡಿಸುವುದು, ವಾಂತಿಭೇದಿಯ ಸೂಚನೆ ಕಂಡೊಡನೆ ಮೈಯಲ್ಲಿ ನೀರು ಬತ್ತದಂತೆ ಎಚ್ಚರ ವಹಿಸುವುದು, ಔಷಧದ ಹನಿಗಳನ್ನು ಎಣಿಸಿ ಹಾಕುವುದು ಎಲ್ಲವೂ ರೂಢಿಯಾದವು. ನಡೆಯುವಾಗ, ನುಡಿಯುವಾಗ, ವಸ್ತುವನ್ನು ಎತ್ತಿ ಇಡುವಾಗ ಎಚ್ಚರವಿರಲೆಂದು ಮುನಿಗಳಿಗೆ ಸಮಿತಿಗಳನ್ನು ವಿಧಿಸಲಾಗಿದೆ. ಆ ಮನೆಯವರು ಅಂತಹುದೇ ಎಚ್ಚರವನ್ನು ಒಂದು ಉಸಿರಿನ ಸಲುವಾಗಿ ಅಭ್ಯಾಸ ಮಾಡಿದರು. ಆದರೆ ಅದು ತಮ್ಮ ಮಗುವಿನ ಉಸಿರಾಗಿದ್ದರಿಂದ, ಇದರಲ್ಲಿ ಮೋಹವೆಷ್ಟು ಧರ್ಮವೆಷ್ಟು ಎಂಬ ಪ್ರಶ್ನೆ ಉಳಿದೇ ಇತ್ತು.

ಆ ಪ್ರಶ್ನೆಗೆ ಮೊದಲ ಒರೆಗಲ್ಲು ದೊರೆತದ್ದು ಬಸದಿಯ ಅಂಗಳದಲ್ಲಿ. 1999ರಲ್ಲಿ ಮಹಾವೀರ ಜಯಂತಿಯ ಅಭಿಷೇಕ ಮುಗಿದು ಜನ ಹೊರಡುತ್ತಿದ್ದಾಗ, ಪರಿಚಯದ ಹಿರಿಯ ಹೆಂಗಸೊಬ್ಬರು ಮಗುವಿನ ನೀಲಿ ತುಟಿಯನ್ನು ನೋಡಿ, "ಹೆತ್ತವಳು ಯಾವ ಜನ್ಮದಲ್ಲಿ ಯಾವ ಪಾಪ ಮಾಡಿದ್ದಳೋ, ಕೂಸು ಅನುಭವಿಸುತ್ತಿದೆ" ಎಂದರು. ಕನಿಕರದಿಂದಲೇ ಆಡಿದ ಮಾತದು. ತಾಯಿ ಏನೂ ಹೇಳದೆ ಮಗುವನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. ಅತ್ತೆ ಮಾತ್ರ ಅಲ್ಲಿಯೇ ನಿಂತು, "ನೋಡಮ್ಮಾ, ಕೂಸಿನ ಕರ್ಮ ಕೂಸಿನದು. ಸೊಸೆ ಈಗ ಮಾಡುತ್ತಿರುವುದು ಸೊಸೆಯ ಲೆಕ್ಕಕ್ಕೆ. ನೀವು ಈಗ ಆಡಿದಿರಲ್ಲ, ಆ ಮಾತು ನಿಮ್ಮ ಲೆಕ್ಕಕ್ಕೆ" ಎಂದರು. ಆಕೆ ಶಾಸ್ತ್ರ ಓದಿದವರಲ್ಲ. ಆದರೂ ಆ ಮೂರು ಮಾತುಗಳಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದು ಒಂದೂ ಇರಲಿಲ್ಲ. ಸೊಸೆಯಾದರೋ ಅನಂತರ ಎರಡು ವರ್ಷ ಬಸದಿಗೆ ಹೋಗಲಿಲ್ಲ. ಮನೆಯಲ್ಲಿಯೇ ಜಿನಬಿಂಬದ ಮುಂದೆ ದೀಪ ಹಚ್ಚುತ್ತಿದ್ದಳು.

ಕರ್ಮಸಿದ್ಧಾಂತವನ್ನು ಇತರರ ನೋವಿಗೆ ತೀರ್ಪಿನಂತೆ ಬಳಸುವ ಅಭ್ಯಾಸ ಎಷ್ಟು ವ್ಯಾಪಕವೋ ಅಷ್ಟೇ ಅಶಾಸ್ತ್ರೀಯ. ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ. ತಾಯಿಯ ಕರ್ಮ ಮಗುವಿಗೆ ವರ್ಗವಾಗುವುದಿಲ್ಲ. ಅಸಾತಾವೇದನೀಯದ ಉದಯವಾಗಿದೆ ಎನ್ನಬಹುದೇ ಹೊರತು, ಯಾವ ಭವದ ಯಾವ ಕ್ರಿಯೆಯಿಂದ ಆ ಬಂಧವಾಯಿತೆಂಬುದು ಕೇವಲಜ್ಞಾನಕ್ಕೆ ಮಾತ್ರ ಗೋಚರ. ಅದನ್ನು ಬಸದಿಯ ಅಂಗಳದಲ್ಲಿ ನಿಂತು ಹೇಳಬಲ್ಲೆನೆನ್ನುವ ಗೃಹಸ್ಥ ತನಗಿಲ್ಲದ ಜ್ಞಾನವನ್ನು ತನ್ನದೆಂದು ಹೇಳಿಕೊಂಡಂತೆಯೇ ಸರಿ. ಇದಲ್ಲದೆ, ಕಟ್ಟಿದ ಕರ್ಮ ಕಲ್ಲಿನ ಬರಹದಂತೆ ಇದ್ದಂತೆಯೇ ಇರುವುದೆಂದೂ ಆಚಾರ್ಯರು ಹೇಳಿಲ್ಲ. ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉದೀರಣೆ, ಉಪಶಮ ಮೊದಲಾದ ಹತ್ತು ಕರಣಗಳ ವಿವೇಚನೆ ಕರ್ಮದ ಸ್ಥಿತಿಗತಿಗಳು ಬದಲಾಗಬಲ್ಲವೆಂದು ತಿಳಿಸುತ್ತದೆ. ಪುರುಷಾರ್ಥಕ್ಕೆ ಎಡೆಯಿದೆಯೆಂದು ಸಾರುತ್ತದೆ. ತನ್ನ ಪಾಲಿಗೆ ಬಂದ ನೋವನ್ನು ಸಮತೆಯಿಂದ ಸಹಿಸಲು ಕರ್ಮವಿಚಾರ ನೆರವಾಗುವುದು. ನೆರೆಮನೆಯ ನೋವಿನ ಮುಂದೆ ಶ್ರಾವಕನಿಗೆ ವಿಹಿತವಾದದ್ದು ನಿರ್ವಿಚಿಕಿತ್ಸೆ ಮತ್ತು ಸ್ಥಿತೀಕರಣ: ರೋಗಿಯನ್ನು ಕಂಡು ಹೇಸದಿರುವುದು, ಕುಸಿಯುತ್ತಿರುವವರನ್ನು ಧರ್ಮದಲ್ಲಿ ನಿಲ್ಲಿಸುವುದು. ವ್ಯಾಧಿಗ್ರಸ್ತ ಮುನಿಯ ವಾಂತಿಯನ್ನು ತನ್ನ ಕೈಯಿಂದ ತೊಳೆದ ಉದ್ದಾಯನ ರಾಜನ ಕಥೆಯನ್ನು ಮಕ್ಕಳಿಗೆ ಹೇಳುವ ಸಮಾಜದಲ್ಲಿ, ಒಂದು ಮಾತಿನಿಂದ ತಾಯಿಯೊಬ್ಬಳು ಜಿನದರ್ಶನದಿಂದ ದೂರವಾದದ್ದು ಸಣ್ಣ ಸಂಗತಿಯಲ್ಲ.

ಕರ್ಮವೆಂದು ಕೈಕಟ್ಟಿ ಕೂರಬೇಕೆಂಬ ಮಾತಿಗೆ ಜೈನ ಪರಂಪರೆಯಲ್ಲಿ ಆಧಾರವೂ ಇಲ್ಲ. ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗುಲಿ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ, ಗುರುಗಳು ಒಪ್ಪದೆ, ಮೊದಲು ರೋಗವನ್ನು ನೀಗಿಕೊಂಡು ಬಾ ಎಂದು ಕಳುಹಿಸಿದರೆಂಬುದು ಪರಂಪರೆಯಿಂದ ಬಂದ ಕಥೆ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಕನ್ನಡ ನಾಡಿನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಮತ್ತೆ ಮತ್ತೆ ಹೊಗಳಿವೆ. ರೋಗಕ್ಕೆ ಚಿಕಿತ್ಸೆಯಿದೆಯೆಂದಾದರೆ ಅದನ್ನು ಒದಗಿಸುವುದು ಧರ್ಮಕ್ಕೆ ಹೊರಗಿನ ಕೆಲಸವಲ್ಲ.

ಆದರೆ ಆ ಚಿಕಿತ್ಸೆಯೇ ಮತ್ತೊಂದು ಜೀವದ ಮೇಲೆ ನಿಂತಿದ್ದರೆ? 2001ರಲ್ಲಿ ಹತ್ತು ಗುಂಟೆ ತೆಂಗಿನ ತೋಟವನ್ನು ಮಾರಿ, ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಬಂದ ಆ ತಂದೆಗೆ ಎದುರಾದ ಧರ್ಮಸಂಕಟವಿದು. ಹೃದಯದ ರಂಧ್ರವನ್ನು ಮುಚ್ಚಲು, ಇಕ್ಕಟ್ಟಾದ ದಾರಿಯನ್ನು ಅಗಲಿಸಲು ತೇಪೆ ಹಾಕಬೇಕಾಗುತ್ತದೆ. ದನದ ಹೃದಯವನ್ನು ಸುತ್ತುವರಿದಿರುವ ಪೊರೆಯಿಂದ ತಯಾರಿಸಿದ ತೇಪೆಗಳು ಬಳಕೆಯಲ್ಲಿವೆಯೆಂದು ಅವರು ಪಕ್ಕದ ಹಾಸಿಗೆಯವರಿಂದ ಕೇಳಿ ತಿಳಿದರು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದು, ಬೆಳಗ್ಗೆ ಸಂಕೋಚದಿಂದಲೇ ಶಸ್ತ್ರವೈದ್ಯರನ್ನು ಕೇಳಿದರು. ವೈದ್ಯರು ನಗಲಿಲ್ಲ, ಸಿಡುಕಲಿಲ್ಲ. ಮಗುವಿನದೇ ಹೃದಯದ ಹೊರಪೊರೆಯ ತುಂಡೊಂದನ್ನು ತೆಗೆದು ಬಳಸಬಹುದು, ರಂಧ್ರಕ್ಕೆ ಡಾಕ್ರಾನ್ ಎಂಬ ಕೃತಕ ಬಟ್ಟೆಯ ತೇಪೆಯೂ ಇದೆ, ಎರಡೂ ಈ ಮಗುವಿಗೆ ಹೊಂದುತ್ತವೆ ಎಂದರು. ಆಮೇಲೆ, ಕೇಳದಿದ್ದರೂ, ಮತ್ತೊಂದನ್ನು ಹೇಳಿದರು. ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತ ಹರಿಸುವಾಗ ಅದು ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಎಂಬ ಔಷಧ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಅದಿಲ್ಲದೆ ಈ ಶಸ್ತ್ರಚಿಕಿತ್ಸೆಯನ್ನು ನಡೆಸಲು ತಮಗೆ ದಾರಿಯಿಲ್ಲ.

ಮದ್ಯ, ಮಾಂಸ, ಮಧುಗಳಿಲ್ಲದೆ ಔಷಧ ಸಿದ್ಧಪಡಿಸಬೇಕೆಂದು ನಿಯಮ ಮಾಡಿಕೊಂಡು, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ಪ್ರತಿಪಾದಿಸಿದವರು ಉಗ್ರಾದಿತ್ಯಾಚಾರ್ಯರು. ಅವರ ಪರಂಪರೆಗೆ ಸೇರಿದ ಶ್ರಾವಕನಿಗೆ ಈ ಮಾತು ಹಗುರವಾಗಲು ಸಾಧ್ಯವಿರಲಿಲ್ಲ. ತಂದೆ ತಮ್ಮ ಊರಿನ ವೃದ್ಧ ಪಂಡಿತರೊಬ್ಬರಿಗೆ ದೂರವಾಣಿ ಮಾಡಿದರು. ಪಂಡಿತರ ಉತ್ತರ ಹೀಗಿತ್ತು: "ನೋಡಪ್ಪಾ, ಗೃಹಸ್ಥ ಬಿಟ್ಟಿರುವುದು ಸಂಕಲ್ಪಹಿಂಸೆ. ಕೊಲ್ಲಬೇಕೆಂಬ ಭಾವ ನಿನ್ನಲ್ಲಿಲ್ಲ. ಹಾಗೆಂದು ದೋಷವೇ ಇಲ್ಲವೆಂದು ನಾನು ಹೇಳಲಾರೆ. ಬೇರೆ ದಾರಿ ಇದ್ದಲ್ಲಿ ಅದನ್ನೇ ಹಿಡಿ. ಇಲ್ಲದಲ್ಲಿ ಮಗುವನ್ನು ಉಳಿಸಿಕೋ, ಆದರೆ ಆ ಪ್ರಾಣಿಯ ಋಣವನ್ನು ಮರೆಯಬೇಡ. ಪ್ರತಿಕ್ರಮಣದಲ್ಲಿ ಅದನ್ನೂ ನೆನೆ. ಬದುಕಿರುವಷ್ಟು ಕಾಲ ಕೈಲಾದ ಅಭಯದಾನ ಮಾಡು." ಈ ಉತ್ತರದಲ್ಲಿ ಎರಡು ಸುಲಭ ದಾರಿಗಳನ್ನೂ ನಿರಾಕರಿಸಿರುವುದು ಗಮನಾರ್ಹ. ಹಿಂಸೆಯ ಭಯದಿಂದ ಮಗುವನ್ನು ಸಾವಿಗೆ ಬಿಡುವುದು ಒಂದು ದಾರಿ. ಮಗುವಿನ ಹೆಸರಿನಲ್ಲಿ ಹಿಂಸೆಯನ್ನು ಕಾಣದವರಂತಿರುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಮೋಹದ ಕುರುಡಿದೆ, ಮೊದಲನೆಯದರಲ್ಲಿ ವ್ರತದ ಅಹಂಕಾರವಿದೆ.

ಋಣದ ಮಾತು ಬಂದಾಗ ಈ ಚಿಕಿತ್ಸೆಯ ಚರಿತ್ರೆಯನ್ನೂ ನೆನೆಯುವುದು ಉಚಿತ. ನೀಲಿಗಟ್ಟುವ ಮಕ್ಕಳಿಗಾಗಿ ಮೊದಲ ಶಸ್ತ್ರಚಿಕಿತ್ಸೆ 1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನಡೆಯಿತು. ಅದನ್ನು ಸೂಚಿಸಿದವರು ಹೆಲೆನ್ ಟಾಸಿಗ್. ಶ್ರವಣಶಕ್ತಿ ಕುಂದಿದ್ದ ಆಕೆ ಮಕ್ಕಳ ಎದೆಬಡಿತವನ್ನು ಬೆರಳುಗಳಿಂದ ಮುಟ್ಟಿ ತಿಳಿಯುತ್ತಿದ್ದರು. ಮಾಡಿದವರು ಆಲ್ಫ್ರೆಡ್ ಬ್ಲಾಲಾಕ್. ವಿಧಾನವನ್ನು ಪ್ರಯೋಗಶಾಲೆಯಲ್ಲಿ ರೂಪಿಸಿ, ಅಂದು ಬ್ಲಾಲಾಕರ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಸಲಹೆಯಿತ್ತವರು ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ಸಹಾಯಕರು; ಅವರಿಗೆ ಗೌರವ ಡಾಕ್ಟರೇಟ್ ದೊರೆತದ್ದು 1976ರಲ್ಲಿ. ಆ ವಿಧಾನ ಸಿದ್ಧವಾಗಲು ಇನ್ನೂರರಷ್ಟು ನಾಯಿಗಳ ಮೇಲೆ ಪ್ರಯೋಗಗಳು ನಡೆದಿದ್ದವು. ಚಿಕಿತ್ಸೆ ಪಡೆದ ಹದಿನೈದು ತಿಂಗಳ ಹೆಣ್ಣು ಮಗು ಕೆಲವು ತಿಂಗಳು ಬದುಕಿ, 1945ರಲ್ಲಿ ತೀರಿಕೊಂಡಿತು.

ಹತ್ತು ವರ್ಷಗಳ ಅನಂತರ, 1954ರ ಮಾರ್ಚ್ 26ರಂದು, ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ವೈದ್ಯರು ಹೃದಯದ ರಂಧ್ರವೊಂದನ್ನು ಮುಚ್ಚಲು ಅಪೂರ್ವ ಕ್ರಮವೊಂದನ್ನು ಕೈಗೊಂಡರು. ಮಗುವಿನ ಪಕ್ಕದಲ್ಲಿಯೇ ಅದರ ತಂದೆಯನ್ನು ಮಲಗಿಸಿ, ಇಬ್ಬರ ರಕ್ತನಾಳಗಳನ್ನು ಕೊಳವೆಗಳಿಂದ ಜೋಡಿಸಿದರು. ಮಗುವಿನ ಹೃದಯದಲ್ಲಿ ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ತಂದೆಯ ಹೃದಯವೂ ಶ್ವಾಸಕೋಶಗಳೂ ಎರಡು ದೇಹಗಳನ್ನು ಸಲಹಿದವು. ಹನ್ನೊಂದು ದಿನಗಳಾದ ಮೇಲೆ ನ್ಯುಮೋನಿಯಾದಿಂದ ಆ ಮಗು ಸತ್ತಿತು. ಅಷ್ಟಕ್ಕೇ ಹೆದರಿ ನಿಲ್ಲದೆ ಬೇರೆ ತಾಯಿತಂದೆಗಳು ಮುಂದೆ ಬಂದರು. ಈ ಕ್ರಮದಿಂದ ಚಿಕಿತ್ಸೆ ಪಡೆದ 45 ಜನರಲ್ಲಿ 28 ಜನ ಗುಣವಾಗಿ ಮನೆಗೆ ಹೋದರು. ಇಂದು ಗುಣವಾಗುವ ಪ್ರತಿಯೊಂದು ಮಗುವೂ ಅಂದು ಗುಣವಾಗದೆ ಹೋದ ಮಕ್ಕಳಿಗೆ, ಅವರನ್ನು ಒಪ್ಪಿಸಿದ ತಾಯಿತಂದೆಗಳಿಗೆ, ಮಾತಿಲ್ಲದ ಪ್ರಾಣಿಗಳಿಗೆ ಋಣಿ. ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆಯೆಂದು ತತ್ತ್ವಾರ್ಥಸೂತ್ರಕಾರರು ಹೇಳಿದ ಸಂಗತಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ಸತ್ಯವೇ. ಆ ಉಪಕಾರವನ್ನು ಕೆಲವರು ಅರಿತು ಕೊಟ್ಟರು, ಕೆಲವು ಜೀವಿಗಳಿಂದ ಅದನ್ನು ಕಿತ್ತುಕೊಳ್ಳಲಾಯಿತು. ಋಣದ ಭಾರ ಎರಡನೆಯದರಲ್ಲಿ ಹೆಚ್ಚು.

ತುಮಕೂರಿನ ಮಗುವಿನ ಶಸ್ತ್ರಚಿಕಿತ್ಸೆ ಸಫಲವಾಯಿತು. ತೀವ್ರ ನಿಗಾ ಘಟಕದ ಹೊರಗಿನ ಮೊಗಸಾಲೆಯಲ್ಲಿ ಹನ್ನೆರಡು ದಿನ ಕಳೆದ ಆ ತಾಯಿ, ತನ್ನ ಮಗುವಿನ ತುಟಿ ಕೆಂಪಗಾದುದನ್ನು ಕಂಡ ದಿನವೇ, ರಾಯಚೂರಿನ ಕಡೆಯಿಂದ ಬಂದಿದ್ದ ಕೂಲಿ ಹೆಂಗಸೊಬ್ಬಳಿಗೆ ಮಗುವಿನ ಮೊಣಕಾಲನ್ನು ಎದೆಗೆ ಮಡಿಚಿ ಹಿಡಿಯುವ ಬಗೆಯನ್ನು ಕಲಿಸುತ್ತಿದ್ದಳಂತೆ. ಆಕೆಯ ಜಾತಿ ಕೇಳಲಿಲ್ಲ, ಆಹಾರ ಕೇಳಲಿಲ್ಲ. ಆಕೆ ಸ್ನಾನಕ್ಕೆ ಹೋದಾಗ ಆ ಕೂಸನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು. ಮೋಹವೋ ವೈಯಾವೃತ್ಯವೋ ಎಂಬ ಪ್ರಶ್ನೆಗೆ ಉತ್ತರ ತೊಡಗಿದ್ದು ಬಹುಶಃ ಅಲ್ಲಿ. ತನ್ನ ಮಗುವಿನ ದೆಸೆಯಿಂದ ಕಲಿತ ಆರೈಕೆ ಅನ್ಯರ ಮಗುವಿನವರೆಗೆ ಹರಿದಾಗ ಅದರ ಹೆಸರು ಬದಲಾಗುತ್ತದೆ. ಮೋಹ ಒಂದೇ ಮಗುವನ್ನು ಬಲ್ಲದು.

ಎಲ್ಲ ಮನೆಗಳಲ್ಲಿಯೂ ಫಲ ಹೀಗಿರುವುದಿಲ್ಲ. ಬೆಳಗಾವಿ ಜಿಲ್ಲೆಯ ಮತ್ತೊಂದು ಜೈನ ಕುಟುಂಬದಲ್ಲಿ ಅದೇ 1998ರಲ್ಲಿ ಹುಟ್ಟಿದ ಗಂಡು ಮಗುವಿಗೆ ಕೆಲಸ ಮಾಡುವ ಹೃತ್ಕುಕ್ಷಿ ಇದ್ದದ್ದು ಒಂದೇ. ಇಂತಹ ಮಕ್ಕಳಿಗೆ ಹಂತಹಂತವಾಗಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೊದಲಿನ ಹಂತ ನಡೆಯಿತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದ್ದುದರಿಂದ ಕೊನೆಯ ಹಂತ ಸಾಧ್ಯವಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಹುಡುಗ ಜಾಣ, ಮೆಟ್ಟಿಲು ಹತ್ತಲಾರ, ಆದರೆ ಪಾಠಶಾಲೆಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಲಾಂಛನಗಳನ್ನು ಎಲ್ಲರಿಗಿಂತ ಮೊದಲು ಒಪ್ಪಿಸುತ್ತಿದ್ದ. 2009ರ ದಶಲಕ್ಷಣ ಪರ್ವದಲ್ಲಿ, ಹನ್ನೊಂದು ವರ್ಷದ ಆತ, ಅನಂತ ಚತುರ್ದಶಿಯ ದಿನ ಗೆಳೆಯರಂತೆ ತಾನೂ ನಿರ್ಜಲ ಉಪವಾಸ ಮಾಡುವೆನೆಂದು ಹಟ ಹಿಡಿದ. ಮೈಯಲ್ಲಿ ಆಮ್ಲಜನಕ ಕಡಿಮೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮಂದವಾಗಿರುತ್ತದೆ. ನೀರು ಕಡಿಮೆಯಾದರೆ ಅದು ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವಿದೆ. ಆದ್ದರಿಂದ ಉಪವಾಸ ಬೇಡವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು.

ತಂದೆ ಹುಡುಗನಿಗೆ ಗದರಲಿಲ್ಲ. ನಿನಗೆ ರೋಗವಿದೆ, ವ್ರತ ನಿನಗಲ್ಲ ಎಂದೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಆತನನ್ನು ಧರ್ಮದಿಂದಲೇ ಹೊರಗಿಟ್ಟಂತಾಗುತ್ತಿತ್ತು. ತಪಸ್ಸಿನ ಹನ್ನೆರಡು ಭೇದಗಳನ್ನು ಹಾಳೆಯಲ್ಲಿ ಬರೆದು, ಇವುಗಳಲ್ಲಿ ನೀರು ಬಿಡದೆಯೇ ಮಾಡಬಹುದಾದದ್ದು ಯಾವುವೆಂದು ಆತನನ್ನೇ ಆರಿಸಲು ಹೇಳಿದರು. ಹುಡುಗ ಸ್ವಾಧ್ಯಾಯವನ್ನೂ, ತನಗಿಷ್ಟವಾದ ಸಿಹಿಯನ್ನು ಬಿಡುವ ರಸತ್ಯಾಗವನ್ನೂ ಆರಿಸಿದ. ಮೂರನೆಯದಾಗಿ ಅಜ್ಜಿಯ ಕಾಲು ಒತ್ತುವುದನ್ನು ವೈಯಾವೃತ್ಯವೆಂದು ಬರೆದ. ಅಂದು ಕಾಯಿಸಿ ಆರಿಸಿದ ನೀರನ್ನು ಗಂಟೆಗೊಮ್ಮೆ ಕುಡಿಯುತ್ತ, ಬಸದಿಯಲ್ಲಿ ಸಂಜೆಯವರೆಗೆ ಕುಳಿತಿದ್ದ. ಅದುವರೆಗೆ ಎಲ್ಲರಿಂದ ಸೇವೆ ಪಡೆಯುವವನೇ ಆಗಿದ್ದ ಮಗು ತಾನೂ ಸೇವೆ ಮಾಡಬಲ್ಲನೆಂದು ಕಂಡುಕೊಂಡ ದಿನವದು.

2012ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಆ ಹುಡುಗ ತೀರಿಕೊಂಡ. ಇಷ್ಟು ವರ್ಷ ಮಾಡಿದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ಬಂಧುಗಳು ಮರುಗಿದರು. ವ್ಯರ್ಥವೆಂಬ ಮಾತನ್ನು ಆ ತಾಯಿತಂದೆಗಳು ಒಪ್ಪಲಿಲ್ಲ. ಆಯುಕರ್ಮ ಮುಗಿದ ಜೀವವನ್ನು ಯಾವ ಆರೈಕೆಯೂ ತಡೆದು ನಿಲ್ಲಿಸಲಾರದು. ಇದ್ದಷ್ಟು ಕಾಲ ಅದರ ವೇದನೆಯನ್ನು ಕಡಿಮೆ ಮಾಡುವುದಷ್ಟೇ ಆರೈಕೆಯ ಪಾಲಿನ ಕೆಲಸ. ಸಮಾಧಿಮರಣಕ್ಕೆ ಸಿದ್ಧನಾದ ಸಾಧುವಿನ ಸೇವೆ ಮಾಡುವವನು ಆತ ಬದುಕಿ ಉಳಿಯಲೆಂದು ಸೇವೆ ಮಾಡುವುದಿಲ್ಲ; ಆದರೂ ಆ ಸೇವೆಯನ್ನು ಯಾರೂ ವ್ಯರ್ಥವೆನ್ನುವುದಿಲ್ಲ. ದುಃಖವೇನೋ ಬಹುಕಾಲ ಉಳಿಯಿತು. ಇಷ್ಟವಿಯೋಗದ ಆರ್ತಧ್ಯಾನವನ್ನು ಗೆದ್ದೆವೆಂದು ಅವರು ಎಂದೂ ಹೇಳಿಕೊಂಡಿಲ್ಲ. ಹುಡುಗನ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುತ್ತಿದ್ದ ಪುಟ್ಟ ಯಂತ್ರವನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟು, ಅನಂತರ ಅಂತಹುದೇ ಮಗುವಿದ್ದ ಮನೆಯೊಂದಕ್ಕೆ ತಾವೇ ಒಯ್ದು ಕೊಟ್ಟು, ಬಳಸುವ ಬಗೆಯನ್ನು ತೋರಿಸಿ ಬಂದರು.

ತುಮಕೂರಿನ ಹೆಣ್ಣು ಮಗಳು ಬೆಳೆದು ಶಾಲಾ ಶಿಕ್ಷಕಿಯಾದಳು. 2022ರಲ್ಲಿ ವಿವಾಹದ ಮಾತು ಬಂದಾಗ, ಎದೆಯ ಮೇಲಿನ ಗಾಯದ ಗುರುತನ್ನು ವರನ ಕಡೆಯವರಿಗೆ ತಿಳಿಸಬೇಕಾಗಿಲ್ಲ, ಮದುವೆಯಾದ ಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ಬಂಧುಗಳು ಸಲಹೆಯಿತ್ತರು. ಇಂತಹ ಸಲಹೆ ಕೊಡುವವರು ದುಷ್ಟರಲ್ಲ. ಆದರೆ ಮುಚ್ಚಿಡುವುದರಿಂದ ಗರ್ಭಧಾರಣೆಯ ಕಾಲದಲ್ಲಿ ಬೇಕಾದ ವೈದ್ಯಕೀಯ ಎಚ್ಚರಿಕೆಯೇ ತಪ್ಪಿಹೋಗಿ ಆಕೆಯ ಪ್ರಾಣಕ್ಕೆ ಕುತ್ತು ಬರಬಹುದು. ಸತ್ಯಾಣುವ್ರತ ಇಲ್ಲಿ ಅಹಿಂಸೆಯ ಕಾವಲುಗಾರ. ತಂದೆ ಬಂದವರಿಗೆಲ್ಲ ಮೊದಲ ಮಾತಿನಲ್ಲಿಯೇ ವಿಷಯ ತಿಳಿಸಿದರು. ಒಂದು ಸಂಬಂಧ ಮುರಿಯಿತು. ಎರಡನೆಯ ಮನೆಯವರು ವೈದ್ಯರನ್ನು ತಾವೂ ಕಾಣಬೇಕೆಂದರು. ಹೃದಯದೋಷವಿರುವ ತಾಯಿಯ ಮಗುವಿಗೆ ಅಂತಹ ದೋಷ ಬರುವ ಸಂಭವ ನೂರಕ್ಕೆ ಸುಮಾರು ಮೂರರಿಂದ ಐದು, ಇತರರಲ್ಲಿ ಅದು ಹೆಚ್ಚುಕಡಿಮೆ ಒಂದು ಎಂದು ವೈದ್ಯರು ವಿವರಿಸಿದರು. ಆ ಮನೆಯವರು ಒಂದು ವಾರ ಯೋಚಿಸಿ ಒಪ್ಪಿದರು.

2023ರ ಪರೀಕ್ಷೆಯಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ಫ್ಯಾಲೊ ದೋಷದ ಶಸ್ತ್ರಚಿಕಿತ್ಸೆಯಾದವರಲ್ಲಿ ಅನೇಕರಿಗೆ ಕಾಲಾಂತರದಲ್ಲಿ ಶ್ವಾಸಕೋಶದ ಕಡೆಯ ಕವಾಟ ಸೋರುತ್ತದೆ, ಬಲಭಾಗ ಹಿಗ್ಗುತ್ತದೆ, ಹೊಸ ಕವಾಟ ಬೇಕಾಗುತ್ತದೆ. ಆಕೆಗೂ ಕೆಲವು ವರ್ಷಗಳಲ್ಲಿ ಅದು ಬೇಕಾಗಬಹುದು. ಸಾಮಾನ್ಯವಾಗಿ ಅಳವಡಿಸುವ ಕವಾಟಗಳು ದನದ ಅಥವಾ ಹಂದಿಯ ಅಂಗಾಂಶದಿಂದ ಮಾಡಿದವು. ಲೋಹದ ಕವಾಟವಾದರೆ ರಕ್ತ ತೆಳುವಾಗಿಸುವ ಗುಳಿಗೆಯನ್ನು ಬಾಳೆಲ್ಲ ನುಂಗಬೇಕು; ಗರ್ಭಿಣಿಗೆ ಅದು ತೊಡಕು; ಹೃದಯದ ಆ ಎಡೆಯಲ್ಲಿ ಹೆಪ್ಪುಗಟ್ಟುವ ಭಯವೂ ಹೆಚ್ಚು. ಮೂರನೆಯದೊಂದಿದೆ: ಮೃತರಾದ ಮನುಷ್ಯರ ಹೃದಯದಿಂದ ದಾನವಾಗಿ ಬಂದು, ಶೀತದಲ್ಲಿ ಕಾಪಿಟ್ಟ ಕವಾಟ. ಅದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ. ಆದರೆ ಅದು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಕೊಡುವವರು ಕಡಿಮೆ.

ಇಷ್ಟು ವರ್ಷ ಒಂದೊಂದು ಮನೆಯೊಳಗೆ ನಡೆದ ಧರ್ಮಸಂಕಟ ಇಲ್ಲಿಗೆ ಬಂದು ಇಡೀ ಸಮಾಜದ ಮುಂದೆ ನಿಲ್ಲುತ್ತದೆ. ಪ್ರಾಣಿಜನ್ಯವಾದ ಕವಾಟ ಬೇಡವೆನ್ನುವುದು ಶ್ರಾವಕನಿಗೆ ಸಹಜ. ಹಾಗಾದರೆ ಮನುಷ್ಯನ ಕವಾಟವನ್ನು ಕೊಡುವವರು ಯಾರು? ತಾನು ಕೊಡಲು ಸಿದ್ಧನಿಲ್ಲದೆ ಅನ್ಯರು ಕೊಡಲೆಂದು ಕಾಯುವುದು ಅಹಿಂಸೆಯ ಅರ್ಧ ಮಾತ್ರ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಬಾ­ಲ್ಯದಿಂದ ಕೇಳುತ್ತ ಬೆಳೆದವರಿಗೆ, ಆತ್ಮ ಬಿಟ್ಟುಹೋದ ದೇಹದ ಅಂಗಾಂಶ ಮತ್ತೊಂದು ಜೀವಕ್ಕೆ ಆಸರೆಯಾಗುವುದರಲ್ಲಿ ಅಳುಕಿರಬೇಕಾದ ಕಾರಣವಿಲ್ಲ. ನೇತ್ರದಾನದಲ್ಲಿ ಜೈನ ಸಮಾಜ ಮುಂದಾಗಿರುವುದು ಸರ್ವವಿದಿತ. ಹೃದಯದ ಕವಾಟ ಅದರ ಮುಂದಿನ ಹೆಜ್ಜೆ. ಅಂಗಗಳ ಕಸಿಗೆ ಸಂಬಂಧಿಸಿದ 1994ರ ಕಾಯ್ದೆಯನ್ನು 2011ರಲ್ಲಿ ತಿದ್ದುಪಡಿ ಮಾಡಿ ಅಂಗಾಂಶಗಳನ್ನೂ ಅದರಲ್ಲಿ ಸೇರಿಸಲಾಗಿದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆ ಅಂಗದಾನದ ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ.

ಹಣದ ಸಂಕಟಕ್ಕೆ ಮೊದಲಿಗಿಂತ ಈಗ ದಾರಿಗಳಿವೆ. ಸಹಕಾರಿ ಸಂಘಗಳ ರೈತಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಆರಂಭವಾಯಿತು. ಹದಿನೆಂಟು ವರ್ಷದೊಳಗಿನ ಮಕ್ಕಳಲ್ಲಿ ಜನ್ಮದೋಷಗಳನ್ನು ಹುಡುಕಿ ಚಿಕಿತ್ಸೆಗೆ ಕಳುಹಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿಯೂ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಲ್ಲಿಯೂ ಬಂದವು. ತೋಟ ಮಾರಬೇಕಾದ ಕಾಲ ಬಹುಮಟ್ಟಿಗೆ ಹಿಂದಾಗಿದೆ. ಹಣದಿಂದ ಆಗದ ಕೆಲಸಗಳು ಶ್ರಾವಕರ ಪಾಲಿಗೆ ಉಳಿದಿವೆ. ಆಸ್ಪತ್ರೆಯ ಬಳಿ ಬೀಡುಬಿಟ್ಟ ಮನೆಯವರಿಗೆ ಸೂರ್ಯಾಸ್ತದ ಮೊದಲು ಶುದ್ಧ ಆಹಾರ, ಕಾಯಿಸಿದ ನೀರು ತಲುಪಿಸುವುದು. ಶಸ್ತ್ರಚಿಕಿತ್ಸೆಯ ದಿನ ರಕ್ತ ಕೊಡುವುದು. ಊರಿನಲ್ಲಿ ಒಂಟಿಯಾಗಿ ಉಳಿದ ಅಣ್ಣನನ್ನೋ ಅಕ್ಕನನ್ನೋ ತಮ್ಮ ಮನೆಯಲ್ಲಿ ಓದಲು ಕೂರಿಸಿಕೊಳ್ಳುವುದು. ಬಸದಿಯಲ್ಲಿ ಆ ತಾಯಿ ಕಂಡಾಗ ಕಾರಣ ಕೇಳದೆ ಪಕ್ಕದಲ್ಲಿ ಎಡೆ ಬಿಡುವುದು. ತುಮಕೂರಿನ ಆ ಮನೆಯ ಹಿರಿಯ ಮಗ ಇಂದು ಮೂವತ್ತು ದಾಟಿದವನು. ತಂಗಿಯ ಚಿಕಿತ್ಸೆಯ ವರ್ಷಗಳಲ್ಲಿ ತನ್ನ ಶಾಲೆಯ ಬಗ್ಗೆ ಯಾರೂ ವಿಚಾರಿಸಲಿಲ್ಲವೆಂಬುದನ್ನು ಆತ ಸಿಟ್ಟಿಲ್ಲದೆ ಹೇಳುತ್ತಾನೆ. ಸಿಟ್ಟಿಲ್ಲದಿದ್ದರೂ ಮರೆತಿಲ್ಲ.

ಆತನ ತಂಗಿ ಅಂಗದಾನದ ಪತ್ರಕ್ಕೆ ಸಹಿ ಮಾಡಿದ್ದಾಳೆ. ದುರಸ್ತಾದ ತನ್ನ ಹೃದಯ ಯಾರಿಗೂ ಉಪಯೋಗವಾಗದಿರಬಹುದೆಂಬುದು ಆಕೆಗೆ ಗೊತ್ತು; ಕಣ್ಣುಗಳಾದರೂ ಆದೀತೆಂದು ಬರೆದುಕೊಟ್ಟಿದ್ದಾಳೆ. ಅಣ್ಣನೂ ತಂದೆಯೂ ಸಹಿ ಮಾಡಿದರು. ತಾಯಿ ಇನ್ನೂ ಮಾಡಿಲ್ಲ. ಮಗಳು ಬಲವಂತ ಮಾಡಿಲ್ಲ; ಪತ್ರವನ್ನು ಸ್ವಾಧ್ಯಾಯದ ಪುಸ್ತಕಗಳ ನಡುವೆ ಇಟ್ಟಿದ್ದಾಳೆ. ಕವಾಟ ಯಾವುದೆಂಬುದನ್ನು ಆಕೆ ಇನ್ನೂ ತೀರ್ಮಾನಿಸಬೇಕಾಗಿದೆ. ಮನುಷ್ಯರದು ಸಿಕ್ಕರೆ ಅದು. ಸಿಗದಿದ್ದರೆ ಏನೆಂದು ಪತಿಯೊಡನೆ, ವೈದ್ಯರೊಡನೆ ವಿಚಾರ ನಡೆದಿದೆ. ಆಕೆ ಕಾಯಬಹುದಾದ ವರ್ಷಗಳು ಎಷ್ಟೆಂಬುದನ್ನು ಹೃದಯದ ಬಲಭಾಗ ಹೇಳುತ್ತದೆ. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಅಂತಹ ಪತ್ರಗಳಿಗೆ ಸಹಿ ಬೀಳುವುದೆಂಬುದನ್ನು ಶ್ರಾವಕ ಸಮಾಜವೇ ಹೇಳಬೇಕು.